ವಿಶ್ವಕ್ಕಿಂತ ಹಳೆಯ ನಕ್ಷತ್ರ? ಎಚ್‌ಡಿ 140283ರ ವಯಸ್ಸಿನ ಪ್ರಕರಣ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಇಬ್ಬರು ಪ್ರಾಜೆಕ್ಟ್‌ಗೆ ಒಂದೇ ನಕ್ಷತ್ರವನ್ನು ಆರಿಸಿಕೊಂಡರು. ಅದರ ಹೆಸರು ಎಚ್‌ಡಿ 140283. ಹುಡುಗಿ ಬೀದರಿನವಳು, ಹುಡುಗ ಯಾದಗಿರಿ ಜಿಲ್ಲೆಯ ಶಹಾಪುರದವನು. ನಾನು ಅವರ ಗೈಡ್. ಮೊದಲ ವಾರವೇ ಇಬ್ಬರೂ ತಂದ ಹಾಳೆಗಳು ಒಂದಕ್ಕೊಂದು ಹೊಂದಲಿಲ್ಲ. ಅವಳು ಓದಿದ ಲೇಖನದಲ್ಲಿ ನಕ್ಷತ್ರದ ವಯಸ್ಸು 1,446 ಕೋಟಿ ವರ್ಷ. ಅವನು ಓದಿದ್ದರಲ್ಲಿ 1,230 ಕೋಟಿ. ನಡುವಿನ ಅಂತರ 216 ಕೋಟಿ ವರ್ಷ, ಅಂದರೆ ಭೂಮಿಯ ವಯಸ್ಸಿನ ಹತ್ತಿರ ಹತ್ತಿರ ಅರ್ಧ.

ಅಷ್ಟೇ ಆಗಿದ್ದರೆ ಸರಾಸರಿ ತೆಗೆದು ಮುಂದೆ ಹೋಗುವ ಆಸೆ ಯಾರಿಗಾದರೂ ಬರುತ್ತಿತ್ತು. ಆದರೆ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಹುಡುಗ ನೇರವಾಗಿ ಕೇಳಿದ: "ಸರ್, ವಿಶ್ವಕ್ಕಿಂತ ಮೊದಲ ನಕ್ಷತ್ರ ಹುಟ್ಯದ ಅಂದ್ರ ಹೆಂಗ್ರೀ? ಎರಡರಾಗ ಒಂದು ತಪ್ಪು ಅದ ಅಲ್ರೀ?"

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಹಿಡಿದು ಹೋದರೆ ನಕ್ಷತ್ರಗಳ ವಯಸ್ಸು ಹೇಗೆ ಸಿಗುತ್ತದೆ, ಆ ಲೆಕ್ಕದಲ್ಲಿ ನಕ್ಷತ್ರದ ರಾಸಾಯನಿಕ ಮಿಶ್ರಣಕ್ಕೆ ಎಷ್ಟು ಬಲ ಇದೆ ಅನ್ನುವುದು ಪೂರ್ತಿ ಕಣ್ಣೆದುರು ಬರುತ್ತದೆ. ಆ ಪ್ರಾಜೆಕ್ಟ್‌ನಲ್ಲಿ ನಾವು ನಡೆದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ.

ನಕ್ಷತ್ರ ಎಲ್ಲಿದೆ, ಎಂಥದ್ದು

ತುಲಾ ರಾಶಿಯಲ್ಲಿದೆ. ವಿಶಾಖಾ ಮತ್ತು ಅನುರಾಧಾ ನಕ್ಷತ್ರಗಳ ಗುಂಪು ಗೊತ್ತಿದ್ದವರಿಗೆ ಜಾಗ ಹುಡುಕುವುದು ಕಷ್ಟವಲ್ಲ. ತುಲಾದ ಅತಿ ಪ್ರಕಾಶದ ತಾರೆ ಬೀಟಾ ಲಿಬ್ರೆಯಿಂದ ಸುಮಾರು ಆರೂವರೆ ಡಿಗ್ರಿ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ಹೋಗಬೇಕು. ಪ್ರಕಾಶಮಾನ 7.2 (ಈ ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂಕು), ಹಾಗಾಗಿ ಬರಿಗಣ್ಣಿಗೆ ಕಾಣುವುದಿಲ್ಲ, ಬೈನಾಕ್ಯುಲರ್ ಸಾಕು. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಕೊನೆಯ ರಾತ್ರಿಗಳಲ್ಲಿ, ಜನ ಸೆಕೆಗೆ ಮಾಳಿಗೆ ಮೇಲೆ ಮಲಗುವ ಹೊತ್ತಿನಲ್ಲಿ, ನಡುರಾತ್ರಿಗೆ ಈ ನಕ್ಷತ್ರ ದಕ್ಷಿಣದಲ್ಲಿ 62 ಡಿಗ್ರಿ ಎತ್ತರಕ್ಕೆ ಬರುತ್ತದೆ. ಊರಿನ ಬೆಳಕು ಬಿಟ್ಟು ಆಳಂದ ರಸ್ತೆಯಲ್ಲಿ ಒಂದಿಷ್ಟು ದೂರ ಹೋದರೆ ಆರಾಮವಾಗಿ ಸಿಗುತ್ತದೆ. ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿದ್ದು ಅಲ್ಲೇ. ಅಧ್ಯಯನ ಮಾಡುವ ವಸ್ತುವನ್ನು ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು ಎಂಬುದು ನನ್ನ ನಂಬಿಕೆ.

ಇದು ನಮ್ಮಿಂದ ಸುಮಾರು 200 ಜ್ಯೋತಿರ್ವರ್ಷ ದೂರದಲ್ಲಿದೆ. ಬಹಳ ಜೋರಾಗಿ ಓಡುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷದಲ್ಲಿ ಹುಣ್ಣಿಮೆ ಚಂದ್ರನ ಅಗಲದಷ್ಟು ಜಾಗ ಬದಲಿಸುತ್ತದೆ. ನಕ್ಷತ್ರಗಳ ಲೋಕದಲ್ಲಿ ಇದು ಭಾರೀ ವೇಗ. ಇಷ್ಟು ವೇಗದ ನಕ್ಷತ್ರಗಳು ಸಾಮಾನ್ಯವಾಗಿ ನಮ್ಮ ಗ್ಯಾಲಕ್ಸಿಯ ತಟ್ಟೆಗೆ ಸೇರಿದವಲ್ಲ. ಅದರ ಸುತ್ತಲಿನ ಹಳೆಯ ಪ್ರಭಾವಲಯದಿಂದ ಬಂದು, ತಟ್ಟೆಯನ್ನು ದಾಟಿ ಹೋಗುತ್ತಿರುವವು.

1951ರಲ್ಲಿ ಜೋಸೆಫ್ ಚೇಂಬರ್‌ಲೇನ್ ಮತ್ತು ಲಾರೆನ್ಸ್ ಆಲರ್ ಎಂಬ ಇಬ್ಬರು ಖಗೋಳಜ್ಞರು ಇದರ ಬೆಳಕನ್ನು ಬಣ್ಣಗಳ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಒಡೆದು ನೋಡಿದರು. ಆ ಪಟ್ಟಿಯಲ್ಲಿ ಪ್ರತಿ ಧಾತುವೂ ತನ್ನದೇ ಕಪ್ಪು ಗೆರೆಗಳನ್ನು ಬಿಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮುಂತಾದವುಗಳ ಗೆರೆಗಳು ಬಹಳ ತೆಳು. ಸೂರ್ಯನಲ್ಲಿ ಇರುವುದಕ್ಕಿಂತ ಈ ಧಾತುಗಳು ಇಲ್ಲಿ ತುಂಬಾ ಕಡಿಮೆ ಎಂದು ಅವರು ತೋರಿಸಿದರು. ಎಲ್ಲ ನಕ್ಷತ್ರಗಳ ಮಿಶ್ರಣವೂ ಹೆಚ್ಚುಕಡಿಮೆ ಒಂದೇ ಎಂದು ನಂಬಿದ್ದ ಕಾಲ ಅದು. ಆ ನಂಬಿಕೆ ಅಲುಗಿದ್ದು ಇಂಥ ನಕ್ಷತ್ರಗಳಿಂದಲೇ. ಇವತ್ತಿನ ಅಳತೆಗಳ ಪ್ರಕಾರ ಇದರಲ್ಲಿ ಕಬ್ಬಿಣದ ಪ್ರಮಾಣ ಸೂರ್ಯನದ್ದರ ಸುಮಾರು 250ರಲ್ಲಿ ಒಂದು ಪಾಲು.

ಬೆಳಕಿನ ಗೆರೆ ನೋಡಿ ಧಾತುವಿನ ಪ್ರಮಾಣ ಹೇಳುವ ಈ ವಿದ್ಯೆಯ ಬುಡದಲ್ಲಿ ನಮ್ಮ ಭೌತವಿಜ್ಞಾನಿ ಮೇಘನಾದ ಸಹಾ ಇದ್ದಾರೆ. ಗೆರೆ ದಪ್ಪಗಿದ್ದರೆ ಧಾತು ಜಾಸ್ತಿ, ತೆಳುವಾಗಿದ್ದರೆ ಕಡಿಮೆ ಎಂದು ಹೇಳಿಬಿಡುವಂತಿಲ್ಲ, ಬಿಸಿ ಎಷ್ಟಿದೆ ಎಂಬುದರ ಮೇಲೂ ಗೆರೆಯ ದಪ್ಪ ನಿಂತಿರುತ್ತದೆ. 1920ರಲ್ಲಿ ಅವರು ಕೊಟ್ಟ ಸಮೀಕರಣ ಇದನ್ನು ಬಿಡಿಸಿತು. ಅದೇ ಸಮೀಕರಣ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ನಕ್ಷತ್ರಗಳು ಮುಖ್ಯವಾಗಿ ಜಲಜನಕ ಮತ್ತು ಹೀಲಿಯಂನಿಂದ ಆಗಿವೆ ಎಂದು ತೋರಿಸಿದರು. ನಮ್ಮ ಪಠ್ಯದಲ್ಲಿ ಸಹಾ ಸಮೀಕರಣ ಪರೀಕ್ಷೆಗೆ ಬರುವ ಒಂದು ಪ್ರಶ್ನೆಯಾಗಿ ಮುಗಿದುಹೋಗುತ್ತದೆ. ಅದು ಎಂಥ ಬಾಗಿಲು ತೆರೆಯಿತು ಎಂದು ಮಕ್ಕಳಿಗೆ ಹೇಳುವುದೇ ಇಲ್ಲ. ಈ ಪ್ರಾಜೆಕ್ಟ್ ನನಗೆ ಇಷ್ಟವಾದ ಕಾರಣಗಳಲ್ಲಿ ಅದೂ ಒಂದು.

ವಯಸ್ಸಿನ ಲೆಕ್ಕ ನಡೆಯುವುದು ಹೇಗೆ

ನಕ್ಷತ್ರದ ವಯಸ್ಸನ್ನು ಯಾರೂ ಅಳೆಯುವುದಿಲ್ಲ. ಅಳೆಯಲು ಸಿಗುವುದು ಅದರ ಬೆಳಕು, ದೂರ, ಮೇಲ್ಮೈ ಬಿಸಿ, ರೋಹಿತದ ಗೆರೆಗಳು. ವಯಸ್ಸು ಬರುವುದು ಲೆಕ್ಕದಿಂದ. ಇಷ್ಟು ತೂಕ, ಇಂಥ ಮಿಶ್ರಣ ಇರುವ ಒಂದು ಅನಿಲದ ಗೋಳವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಅದರ ಹೊಟ್ಟೆಯೊಳಗೆ ಜಲಜನಕ ಉರಿದು ಹೀಲಿಯಂ ಆಗುತ್ತಾ ಹೋದಂತೆ ಅದರ ಪ್ರಕಾಶ ಮತ್ತು ಬಿಸಿ ಹೇಗೆ ಬದಲಾಗುತ್ತವೆ ಎಂದು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕುತ್ತಾರೆ. ಆ ಮಾದರಿ ಯಾವಾಗ ನಿಜವಾದ ನಕ್ಷತ್ರದ ಪ್ರಕಾಶಕ್ಕೂ ಬಿಸಿಗೂ ಸರಿಹೊಂದುತ್ತದೋ, ಅಲ್ಲಿಯವರೆಗೆ ಕಳೆದ ಕಾಲವೇ ವಯಸ್ಸು.

ಸೂರ್ಯ ಒಂದಕ್ಕೆ ಮಾತ್ರ ನಮಗೆ ಬೇರೆ ಸಾಕ್ಷಿ ಇದೆ. ಉಲ್ಕಾಶಿಲೆಗಳಲ್ಲಿರುವ ವಿಕಿರಣಶೀಲ ಧಾತುಗಳಿಂದ ಸೌರಮಂಡಲದ ವಯಸ್ಸು 457 ಕೋಟಿ ವರ್ಷ ಎಂದು ಗೊತ್ತು. ಕೈಯಲ್ಲಿ ಹಿಡಿದ ಕಲ್ಲಿನಿಂದ ಬಂದ ಸಂಖ್ಯೆ ಅದು. ಮಾದರಿಗಳನ್ನೆಲ್ಲ ಆ ಸಂಖ್ಯೆಗೆ ಹೊಂದುವಂತೆ ತಿದ್ದಿ, ಆಮೇಲೆ ಬೇರೆ ನಕ್ಷತ್ರಗಳಿಗೆ ಬಳಸುತ್ತಾರೆ. ಎಚ್‌ಡಿ 140283ರಿಂದ ನಮಗೆ ಯಾವ ಕಲ್ಲೂ ಬಂದಿಲ್ಲ.

ಆದರೂ ಈ ನಕ್ಷತ್ರವನ್ನು ಖಗೋಳಜ್ಞರು ಇಷ್ಟು ಪ್ರೀತಿಯಿಂದ ಹಿಡಿದುಕೊಂಡಿರುವುದಕ್ಕೆ ಕಾರಣ ಇದೆ. ಅದು ನಡುವಯಸ್ಸು ದಾಟಿ ದೈತ್ಯನಾಗುವ ದಾರಿಯಲ್ಲಿದೆ. ಹೊಟ್ಟೆಯೊಳಗಿನ ಜಲಜನಕ ಮುಗಿದು, ಸುತ್ತಲಿನ ಪದರ ಉರಿಯಲು ಶುರುವಾಗಿದೆ. ಈ ಹಂತವನ್ನು ಉಪದೈತ್ಯ ಎನ್ನುತ್ತಾರೆ. ನಡುವಯಸ್ಸಿನಲ್ಲಿ ನಕ್ಷತ್ರ ಬಹಳ ನಿಧಾನವಾಗಿ ಬದಲಾಗುತ್ತದೆ, 300 ಕೋಟಿಯೂ 600 ಕೋಟಿಯೂ ಬಹುತೇಕ ಒಂದೇ ಥರ ಕಾಣಬಹುದು. ಉಪದೈತ್ಯ ಹಂತದಲ್ಲಿ ಹಾಗಲ್ಲ. ಅಲ್ಲಿ, ಪ್ರಕಾಶ ಮತ್ತು ಬಿಸಿಯ ಗ್ರಾಫಿನಲ್ಲಿ, ಬೇರೆ ಬೇರೆ ವಯಸ್ಸಿನ ಗೆರೆಗಳು ಒಂದಕ್ಕೊಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪ್ರಕಾಶ ಗೊತ್ತಾದರೆ ವಯಸ್ಸು ಚೆನ್ನಾಗಿ ಗೊತ್ತಾಗುತ್ತದೆ. ಮಿಶ್ರಣ ಸರಿಯಾಗಿ ಗೊತ್ತಿದ್ದರೆ ಮಾತ್ರ.

ಒಂದಿಷ್ಟೇ ಲೋಹ, ಇಡೀ ನಕ್ಷತ್ರದ ಹಣೆಬರಹ

ಜಲಜನಕ, ಹೀಲಿಯಂ ಬಿಟ್ಟು ಉಳಿದ ಎಲ್ಲವನ್ನೂ ಖಗೋಳಜ್ಞರು ಲೋಹ ಎಂದೇ ಕರೆಯುತ್ತಾರೆ. ಆಮ್ಲಜನಕ, ಇಂಗಾಲವೂ ಅದರಲ್ಲೇ ಸೇರಿವೆ. ಸೂರ್ಯನ ತೂಕದಲ್ಲಿ ಇವೆಲ್ಲ ಸೇರಿ ಶೇ. 2ರೊಳಗೆ. ಇಷ್ಟು ಸಣ್ಣ ಪಾಲಿಗೆ ಇಷ್ಟೊಂದು ತಲೆ ಏಕೆ ಕೆಡಿಸಿಕೊಳ್ಳಬೇಕು ಎಂದು ತರಗತಿಯಲ್ಲಿ ಮಾತು ಬಂತು. ಬೀದರಿನ ಹುಡುಗಿಯ ಮನೆಯಲ್ಲಿ ಬಿದ್ರಿ ಕೆಲಸ. ಅವಳು ಹೇಳಿದ್ದು ಹೀಗೆ: "ಸರ್, ನಮ್ಮನ್ಯಾಗೂ ಹಂಗೇ ರೀ. ಸತು ಜಾಸ್ತಿ, ತಾಮ್ರ ಸ್ವಲ್ಪೇ. ಆದ್ರ ಆ ತಾಮ್ರ ಇಲ್ಲಂದ್ರ ಕಪ್ಪೇ ಬರಂಗಿಲ್ಲ." ನಿಜ. ಕೋಟೆಯ ಮಣ್ಣು, ನವಸಾಗರ ಎಲ್ಲ ಹಾಕಿ ತಿಕ್ಕಿದಾಗ ಬಿದ್ರಿ ಪಾತ್ರೆಗೆ ಆ ಕಡುಕಪ್ಪು ಬರುವುದು ಸತುವಿನೊಳಗೆ ಬೆರೆತ ಆ ಸ್ವಲ್ಪ ತಾಮ್ರದಿಂದಲೇ. ನಕ್ಷತ್ರದಲ್ಲಿ ಲೋಹದ ಕೆಲಸವೂ ಅಂಥದ್ದು.

ಆ ಕೆಲಸ ಏನು? ಬೆಳಕಿಗೆ ಅಡ್ಡ ನಿಲ್ಲುವುದು. ನಕ್ಷತ್ರದ ನಡುವಿನಲ್ಲಿ ಹುಟ್ಟಿದ ಶಕ್ತಿ ಹೊರಗೆ ಬರಬೇಕಾದರೆ ಲಕ್ಷಾಂತರ ಕಿಲೋಮೀಟರ್ ಅನಿಲವನ್ನು ದಾಟಬೇಕು. ಆ ಬಿಸಿಗೆ ಜಲಜನಕ, ಹೀಲಿಯಂ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಪೂರ್ತಿ ಕಳೆದುಕೊಂಡಿರುತ್ತವೆ. ಕಬ್ಬಿಣ, ಆಮ್ಲಜನಕದಂಥ ಭಾರದ ಪರಮಾಣುಗಳು ಮಾತ್ರ ಒಂದಿಷ್ಟನ್ನು ಇನ್ನೂ ಹಿಡಿದಿಟ್ಟುಕೊಂಡಿರುತ್ತವೆ. ಆ ಎಲೆಕ್ಟ್ರಾನುಗಳು ಬೆಳಕನ್ನು ಹೀರಿ, ದಾರಿ ತಡೆದು, ಮತ್ತೆ ಬಿಡುತ್ತವೆ. ಲೋಹ ಜಾಸ್ತಿ ಇದ್ದರೆ ಶಕ್ತಿ ನಿಧಾನವಾಗಿ ಸೋರುತ್ತದೆ. ಕಡಿಮೆ ಇದ್ದರೆ ಬೇಗ ಸೋರಿಹೋಗುತ್ತದೆ. ಬೇಗ ಸೋರಿದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶದಿಂದ, ಹೆಚ್ಚು ಬಿಸಿಯಿಂದ ಉರಿಯಬೇಕಾಗುತ್ತದೆ. ಹಾಗಾಗಿ ಒಂದೇ ತೂಕದ ಎರಡು ನಕ್ಷತ್ರಗಳಲ್ಲಿ ಲೋಹ ಕಡಿಮೆ ಇರುವುದು ಬೇಗ ಮುದಿಯಾಗುತ್ತದೆ.

ಎಚ್‌ಡಿ 140283ರ ತೂಕ ಸೂರ್ಯನ ಸುಮಾರು 0.8 ಪಟ್ಟು. ಸೂರ್ಯನಷ್ಟೇ ಲೋಹ ಇರುವ 0.8 ಪಟ್ಟಿನ ನಕ್ಷತ್ರ ಒಂದಿದ್ದರೆ, ವಿಶ್ವ ಹುಟ್ಟಿದ ದಿನವೇ ಹುಟ್ಟಿದ್ದರೂ ಅದು ಇವತ್ತಿಗೆ ಉಪದೈತ್ಯ ಹಂತಕ್ಕೆ ಬರುತ್ತಿರಲಿಲ್ಲ. ಇದು ಬಂದಿದೆ. ಲೋಹ ಇಲ್ಲದ್ದಕ್ಕೇ ಬಂದಿದೆ.

ಇದನ್ನು ತಿರುಗಿಸಿ ನೋಡೋಣ. ಯಾರಾದರೂ ಇದರ ಮಿಶ್ರಣ ನೋಡದೆ, ಪ್ರಕಾಶ ಮತ್ತು ಬಿಸಿ ಮಾತ್ರ ನೋಡಿ ವಯಸ್ಸು ಹೇಳಿದರೆ? ಪಕ್ಕಕ್ಕಿಟ್ಟು ನೋಡಲು ಬೀಟಾ ಹೈಡ್ರಿ ಎಂಬ ಉಪದೈತ್ಯ ನಕ್ಷತ್ರ ಇದೆ. ಅದು ಸೂರ್ಯನ ಸುಮಾರು ಮೂರೂವರೆ ಪಟ್ಟು ಪ್ರಕಾಶದ್ದು, ಎಚ್‌ಡಿ 140283 ಸುಮಾರು ನಾಲ್ಕೂವರೆ ಪಟ್ಟು. ಎರಡರ ಮೇಲ್ಮೈ ಬಿಸಿಯೂ 5,800 ಕೆಲ್ವಿನ್ ಆಸುಪಾಸು. ಆದರೆ ಬೀಟಾ ಹೈಡ್ರಿಯಲ್ಲಿ ಲೋಹ ಹತ್ತಿರ ಹತ್ತಿರ ಸೂರ್ಯನಷ್ಟೇ ಇದೆ. ಅದರ ತೂಕ ಸೂರ್ಯನಿಗಿಂತ ಸ್ವಲ್ಪ ಜಾಸ್ತಿ, ವಯಸ್ಸು 600ರಿಂದ 700 ಕೋಟಿ ವರ್ಷ. ಬಿಸಿ ಒಂದೇ, ಪ್ರಕಾಶ ಹತ್ತಿರ ಹತ್ತಿರ, ವಯಸ್ಸು ಅರ್ಧ. ವ್ಯತ್ಯಾಸ ಇರುವುದು ಒಳಗಿನ ಮಿಶ್ರಣದಲ್ಲಿ. (ಬೀಟಾ ಹೈಡ್ರಿ ಆಕಾಶದ ದಕ್ಷಿಣ ತುದಿಯಲ್ಲಿದೆ, ಕಲಬುರಗಿಯಿಂದ ಅದು ದಿಗಂತದ ಮೇಲೆ ಬರುವುದೇ ಇಲ್ಲ. ಹುಡುಗರಿಗೆ ಸ್ವಲ್ಪ ಬೇಜಾರಾಯಿತು.)

1,600ರಿಂದ 1,446ಕ್ಕೆ

ನಕ್ಷತ್ರಗಳ ದೂರ ಅಳೆದ ಹಿಪ್ಪಾರ್ಕೋಸ್ ಉಪಗ್ರಹದ ಕಾಲದ ಲೆಕ್ಕಗಳು, 2000ದ ಹೊತ್ತಿಗೆ, ಈ ನಕ್ಷತ್ರಕ್ಕೆ 1,600 ಕೋಟಿ ವರ್ಷ ಕೊಟ್ಟಿದ್ದವು. ಇದನ್ನು ಸರಿಪಡಿಸಲು ಹೊವರ್ಡ್ ಬಾಂಡ್ ಮತ್ತು ಸಂಗಡಿಗರು ಹಬಲ್ ದೂರದರ್ಶಕವನ್ನು ಹಿಡಿದರು. 2003ರಿಂದ 2011ರವರೆಗೆ ಮತ್ತೆ ಮತ್ತೆ ನೋಡಿ, ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರದ ಜಾಗ ಎಷ್ಟು ಅಲುಗಿದಂತೆ ಕಾಣುತ್ತದೆ ಎಂದು ಅಳೆದರು. ಅದೇ ಪ್ಯಾರಲಾಕ್ಸ್. ಅದರಿಂದ ದೂರ ಸುಮಾರು 190 ಜ್ಯೋತಿರ್ವರ್ಷ ಎಂದು ಬಂತು. 2013ರಲ್ಲಿ ಅವರು ಪ್ರಕಟಿಸಿದ ವಯಸ್ಸು 1,446 ಕೋಟಿ, ಹೆಚ್ಚುಕಡಿಮೆ 80 ಕೋಟಿ. ಅಂದರೆ 80 ಕೋಟಿಯಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು.

ಸುದ್ದಿಯಲ್ಲಿ ಮೊದಲ ಸಂಖ್ಯೆ ಮಾತ್ರ ಓಡಿತು, ಆ 80 ಕೋಟಿ ಹಿಂದೆ ಉಳಿಯಿತು. 1,446ರಿಂದ 80 ಕಳೆದರೆ 1,366. ಅಂದರೆ ವಿಶ್ವದ ವಯಸ್ಸಿನೊಳಗೇ ಬಂದುಬಿಡುತ್ತದೆ. ಬಾಂಡ್ ತಂಡವೂ ವಿಶ್ವದ ವಯಸ್ಸಿಗೂ ಇದಕ್ಕೂ ಜಗಳ ಇಲ್ಲ ಎಂದೇ ಬರೆದಿತ್ತು. ಅವರ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಮಾತು. ದೂರದ ಅಳತೆಯಿಂದ ಬರುವ ಅನುಮಾನ 31 ಕೋಟಿ ವರ್ಷ ಮಾತ್ರ. ಉಳಿದದ್ದೆಲ್ಲ ನಕ್ಷತ್ರದ ಬಿಸಿ ಮತ್ತು ರಾಸಾಯನಿಕ ಮಿಶ್ರಣದಿಂದ, ಅದರಲ್ಲೂ ವಿಶೇಷವಾಗಿ ಆಮ್ಲಜನಕದಿಂದ. ನಾವು ಬೋರ್ಡಿನ ಮೇಲೆ ಲೆಕ್ಕ ಹಾಕಿ ನೋಡಿದೆವು. ಈ ಅನುಮಾನಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡು 80ರ ವರ್ಗದಿಂದ 31ರ ವರ್ಗ ಕಳೆದು ವರ್ಗಮೂಲ ತೆಗೆದರೆ ಸುಮಾರು 74 ಉಳಿಯುತ್ತದೆ. 31ರ ಎದುರು 74. ದೂರಕ್ಕಾಗಿ ಅಷ್ಟು ವರ್ಷ ಹೆಣಗಿದ ಮೇಲೆ ಗೊತ್ತಾದದ್ದು, ಗಂಟು ಇರುವುದು ಬೇರೆ ಕಡೆ ಎಂದು.

ಆಮ್ಲಜನಕದ ತಂಟೆ

ಕಬ್ಬಿಣ 250ರಲ್ಲಿ ಒಂದು ಪಾಲು ಇದ್ದರೆ ಆಮ್ಲಜನಕವೂ ಅಷ್ಟೇ ಇರಬೇಕಲ್ವಾ? ಇಲ್ಲ. ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕ ಜಾಸ್ತಿ. ಈ ನಕ್ಷತ್ರದಲ್ಲಿ ಆಮ್ಲಜನಕ ಮತ್ತು ಕಬ್ಬಿಣದ ಅನುಪಾತ ಸೂರ್ಯನಲ್ಲಿ ಇರುವುದರ ಸುಮಾರು ನಾಲ್ಕು ಪಟ್ಟು ಅಥವಾ ಇನ್ನೂ ಹೆಚ್ಚು. ಗ್ಯಾಲಕ್ಸಿಯ ಇತಿಹಾಸವೇ ಇದಕ್ಕೆ ಕಾರಣ. ಮೊದಲು ಸತ್ತದ್ದು ಭಾರೀ ತೂಕದ ನಕ್ಷತ್ರಗಳು. ಕೆಲವೇ ದಶಲಕ್ಷ ವರ್ಷ ಬದುಕಿ ಸಿಡಿದವು, ಸಿಡಿದಾಗ ಆಮ್ಲಜನಕವನ್ನು ಧಾರಾಳವಾಗಿ ಚೆಲ್ಲಿದವು. ಕಬ್ಬಿಣದ ದೊಡ್ಡ ಪಾಲು ಬರುವುದು ಶ್ವೇತಕುಬ್ಜಗಳು, ಅಂದರೆ ಕಡಿಮೆ ತೂಕದ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ತಿರುಳುಗಳು, ಸಿಡಿದಾಗ. ಅದು ನಿಧಾನದ ಬಾಬತ್ತು. ಎಚ್‌ಡಿ 140283 ಹುಟ್ಟಿದ್ದು ಆ ಕಬ್ಬಿಣ ಬರುವ ಮುಂಚೆ.

ಈ ಹೆಚ್ಚಿನ ಆಮ್ಲಜನಕ ವಯಸ್ಸನ್ನು ಎರಡು ಕಡೆಯಿಂದ ಎಳೆಯುತ್ತದೆ. ಒಂದು, ಮೇಲೆ ಹೇಳಿದಂತೆ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಇನ್ನೊಂದು, ಇಂಗಾಲ, ಸಾರಜನಕ, ಆಮ್ಲಜನಕ ಮೂರೂ ಜಲಜನಕವನ್ನು ಹೀಲಿಯಂ ಮಾಡುವ ಒಂದು ಸುತ್ತಿನಲ್ಲಿ ಸಹಾಯಕ್ಕೆ ನಿಲ್ಲುತ್ತವೆ. ಉಪದೈತ್ಯ ಹಂತದ ಹತ್ತಿರ ಬಂದಾಗ ಆ ಸುತ್ತಿನ ಜೋರು ಜಾಸ್ತಿಯಾಗುತ್ತದೆ. ಒಟ್ಟು ಪರಿಣಾಮ ಒಂದೇ ದಿಕ್ಕಿನದು. ಮಾದರಿಯಲ್ಲಿ ಆಮ್ಲಜನಕ ಹೆಚ್ಚಿಸಿದರೆ, ಅದೇ ಪ್ರಕಾಶಕ್ಕೆ ಸಿಗುವ ವಯಸ್ಸು ಕಡಿಮೆಯಾಗುತ್ತದೆ.

ಹಾಗಾದರೆ ಆಮ್ಲಜನಕವನ್ನು ಸರಿಯಾಗಿ ಅಳೆದುಬಿಟ್ಟರೆ ಆಯಿತಲ್ಲ? ಅದೇ ಕಷ್ಟ. ಕಬ್ಬಿಣಕ್ಕೆ ರೋಹಿತದಲ್ಲಿ ನೂರಾರು ಗೆರೆ ಸಿಗುತ್ತವೆ. ಆಮ್ಲಜನಕಕ್ಕೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹಿಡಿಯಲು ಸಿಗುವ ಗೆರೆಗಳು ಬಹಳ ಕಡಿಮೆ. 630 ನ್ಯಾನೋಮೀಟರ್ ಹತ್ತಿರದ ಗೆರೆ ನಂಬಿಕಸ್ತ, ಆದರೆ ಇಂಥ ಬಡ ನಕ್ಷತ್ರದಲ್ಲಿ ತೀರಾ ತೆಳು. 777 ನ್ಯಾನೋಮೀಟರ್ ಹತ್ತಿರ ಮೂರು ಗೆರೆ ಒಟ್ಟಿಗೆ ಸಿಗುತ್ತವೆ, ಆದರೆ ಅಲ್ಲಿನ ಪರಮಾಣುಗಳು ಸುತ್ತಲಿನ ಬಿಸಿಯ ಜೊತೆ ಸಮತೋಲನದಲ್ಲಿ ಇಲ್ಲ. ಸಮತೋಲನ ಇದೆ ಎಂದುಕೊಂಡು ಲೆಕ್ಕ ಹಾಕಿದರೆ ಆಮ್ಲಜನಕ ಇದ್ದದ್ದಕ್ಕಿಂತ ಜಾಸ್ತಿ ಬರುತ್ತದೆ. ನೇರಳಾತೀತದಲ್ಲಿ ಆಮ್ಲಜನಕ ಮತ್ತು ಜಲಜನಕ ಸೇರಿದ ಅಣುವಿನ ಗೆರೆಗಳಿವೆ. ಅವು ನಕ್ಷತ್ರದ ಮೇಲ್ಪದರ ಕುದಿಯುವುದಕ್ಕೆ ತುಂಬಾ ಸೂಕ್ಷ್ಮ. ಹಳೆಯ ಲೆಕ್ಕಗಳಲ್ಲಿ ಮೇಲ್ಪದರವನ್ನು ಅಲುಗಾಡದ ಪದರಗಳ ಅಟ್ಟಿ ಎಂದು ಇಟ್ಟುಕೊಳ್ಳುತ್ತಿದ್ದರು. ಈಗ ಕುದಿಯುವ ಅನಿಲವನ್ನೇ ಮೂರು ಆಯಾಮಗಳಲ್ಲಿ ಕಂಪ್ಯೂಟರಿನಲ್ಲಿ ಕಟ್ಟಿ, ಸಮತೋಲನದ ಊಹೆಯನ್ನೂ ಬಿಟ್ಟು, ಗೆರೆಗಳನ್ನು ಓದುತ್ತಾರೆ.

ಇನ್ನೂ ಒಂದು ತೊಡಕು. ನಾವು ಎಲ್ಲವನ್ನೂ ಸೂರ್ಯನಿಗೆ ಹೋಲಿಸಿ ಹೇಳುತ್ತೇವೆ. ಸೂರ್ಯನ ಲೆಕ್ಕವೇ ಬದಲಾಗುತ್ತಿದೆ. 1998ರ ಒಂದು ಪ್ರಸಿದ್ಧ ಪಟ್ಟಿಯಲ್ಲಿ ಸೂರ್ಯನ ಲೋಹದ ಪಾಲು ತೂಕದಲ್ಲಿ ಶೇ. 1.7. 2009ರ ಪಟ್ಟಿಯಲ್ಲಿ ಅದು ಶೇ. 1.34ಕ್ಕೆ ಇಳಿಯಿತು. ಮುಖ್ಯವಾಗಿ ಇಳಿದದ್ದು ಇಂಗಾಲ, ಸಾರಜನಕ, ಆಮ್ಲಜನಕ. ಹೋಲಿಸುವ ಅಳತೆಕೋಲೇ ಇಷ್ಟು ಜರುಗಿದರೆ, ಅದರಿಂದ ಅಳೆದ ಸಂಖ್ಯೆಯ ಜೊತೆ ಯಾವ ಪಟ್ಟಿ ಬಳಸಿದ್ದು ಎಂದು ಬರೆಯಲೇಬೇಕು. ಬರೆಯದ ಲೇಖನಗಳನ್ನು ನಾನು ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ.

ಹೀಲಿಯಂ ಕಥೆಯೂ ಇದೆ. ಇಷ್ಟು ತಣ್ಣಗಿನ ನಕ್ಷತ್ರದಲ್ಲಿ ಹೀಲಿಯಂ ಗೆರೆ ಕಾಣುವುದಿಲ್ಲ. ಹಾಗಾಗಿ ವಿಶ್ವ ಹುಟ್ಟಿದಾಗ ಇದ್ದ ಪಾಲನ್ನೇ, ಅಂದರೆ ತೂಕದಲ್ಲಿ ಸುಮಾರು ಕಾಲು ಭಾಗವನ್ನು, ಇಟ್ಟುಕೊಳ್ಳುತ್ತಾರೆ. ಜೊತೆಗೆ ನೂರಾರು ಕೋಟಿ ವರ್ಷಗಳಲ್ಲಿ ಭಾರದ ಧಾತುಗಳು ಮೆಲ್ಲಗೆ ಒಳಗೆ ಇಳಿಯುತ್ತವೆ. ಇವತ್ತು ಮೇಲೆ ಕಾಣುವ ಮಿಶ್ರಣ ಹುಟ್ಟಿದಾಗಿನ ಮಿಶ್ರಣವಲ್ಲ. ಈ ಇಳಿಕೆಯನ್ನು ಸೇರಿಸಿದರೂ ವಯಸ್ಸು ಕಡಿಮೆಯೇ ಆಗುತ್ತದೆ.

2024ರ ಲೆಕ್ಕ

ಹುಡುಗನ ಹಾಳೆಯಲ್ಲಿದ್ದ 1,230 ಕೋಟಿ ಬಂದದ್ದು ಇಲ್ಲಿಂದ. 2024ರಲ್ಲಿ ಯುರೋಪಿನ ಒಂದು ತಂಡ ಈ ಒಂದೇ ನಕ್ಷತ್ರಕ್ಕಾಗಿ ಪ್ರತ್ಯೇಕ ಕೋಷ್ಟಕಗಳನ್ನು ತಯಾರಿಸಿತು. ಇಂಗಾಲ, ಆಮ್ಲಜನಕ, ಕಬ್ಬಿಣಕ್ಕೆ ಹೊಸ ಮೂರು ಆಯಾಮದ ಅಳತೆಗಳನ್ನು ಹಾಕಿ, ಆ ಮಿಶ್ರಣ ಬೆಳಕಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂದು ಮೊದಲಿನಿಂದ ಲೆಕ್ಕ ಹಾಕಿದರು. ದೂರಕ್ಕೆ ಗಾಯಾ ಉಪಗ್ರಹದ ಅಳತೆ. ಬಂದ ವಯಸ್ಸು 1,230 ಕೋಟಿ.

ಅಷ್ಟಕ್ಕೇ ನಿಲ್ಲಿಸದೆ ಅವರು ಇನ್ನೊಂದು ಕೆಲಸ ಮಾಡಿದರು. ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇದು. ಉಳಿದೆಲ್ಲವನ್ನೂ ಹಾಗೇ ಇಟ್ಟು, ಮಿಶ್ರಣ ಮಾತ್ರ ಬದಲಿಸಿದರು. ಸೂರ್ಯನಲ್ಲಿ ಧಾತುಗಳು ಯಾವ ಅನುಪಾತದಲ್ಲಿವೆಯೋ ಅದೇ ಅನುಪಾತವನ್ನು ಸಣ್ಣದು ಮಾಡಿ ಹಾಕಿದರು. ವಯಸ್ಸು 1,400 ಕೋಟಿಗೆ ಏರಿತು. ಮತ್ತೆ ವಿಶ್ವಕ್ಕಿಂತ ಹಳೆಯದು! ಅದೇ ಬೆಳಕು, ಅದೇ ದೂರ. ಧಾತುಗಳ ಪರಸ್ಪರ ಪ್ರಮಾಣ ಬದಲಾದದ್ದಕ್ಕೆ 170 ಕೋಟಿ ವರ್ಷದ ವ್ಯತ್ಯಾಸ.

ಇಲ್ಲಿ ಒಂದು ಎಚ್ಚರ ಬೇಕು. 1,446ರಿಂದ 1,230ಕ್ಕೆ ಇಳಿದದ್ದೆಲ್ಲ ಮಿಶ್ರಣದಿಂದಲೇ ಎನ್ನುವಂತಿಲ್ಲ. ಬಾಂಡ್ ತಂಡ ಆಮ್ಲಜನಕ ಜಾಸ್ತಿ ಇರುವುದನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆಮೇಲೆ ಬದಲಾದದ್ದರಲ್ಲಿ ದೂರವೂ ಇದೆ. ಹಬಲ್ 190 ಎಂದದ್ದನ್ನು ಗಾಯಾ 200 ಜ್ಯೋತಿರ್ವರ್ಷ ಎಂದಿತು. ದೂರ ಶೇ. 5ರಷ್ಟು ಹೆಚ್ಚಾದರೆ ನಿಜವಾದ ಪ್ರಕಾಶ ಸುಮಾರು ಶೇ. 11 ಹೆಚ್ಚಾಗುತ್ತದೆ. ಹೆಚ್ಚು ಪ್ರಕಾಶದ ಉಪದೈತ್ಯ ಎಂದರೆ ಹೆಚ್ಚು ತೂಕದ್ದು, ಅಂದರೆ ಕಡಿಮೆ ವಯಸ್ಸಿನದ್ದು. ಎರಡೂ ತಂಡಗಳ ಮಾದರಿಗಳೂ ಬೇರೆ. ಹಾಗಾಗಿ ಆ ಎರಡು ಸಂಖ್ಯೆಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಕಳೆದರೆ ಯಾವುದರ ಪಾಲು ಎಷ್ಟು ಎಂದು ಗೊತ್ತಾಗದು. 1,400 ಮತ್ತು 1,230ರ ಜೋಡಿ ಬೆಲೆಬಾಳುವುದು ಅದಕ್ಕೇ. ಅಲ್ಲಿ ಬದಲಾದದ್ದು ಒಂದೇ.

1,230 ಕೊನೆಯ ಮಾತೂ ಅಲ್ಲ. ಬಿಸಿ ಅನಿಲ ಮೇಲೇರಿ, ತಣ್ಣಗಾಗಿ ಕೆಳಗಿಳಿಯುವ ಚಲನೆಗೆ ಮಾದರಿಗಳಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನು ಸೂರ್ಯನಿಗೆ ಹೊಂದಿಸಿ ಇಟ್ಟಿರುತ್ತಾರೆ. ಆ ಸಂಖ್ಯೆಯನ್ನು ಈ ನಕ್ಷತ್ರಕ್ಕೆ ತಗ್ಗಿಸಿದರೆ ವಯಸ್ಸು ಇನ್ನೂ ಕೆಳಗೆ ಇಳಿಯುತ್ತದೆ ಎಂದು ಅದೇ ತಂಡ ತೋರಿಸಿತು. 2021ರಲ್ಲಿ ಟ್ಯಾಂಗ್ ಮತ್ತು ಜಾಯ್ಸ್ ಅದೇ ಸಂಖ್ಯೆಯನ್ನು ಬದಲಿಸಿ ನೋಡಿ 1,200 ಕೋಟಿ, ಹೆಚ್ಚುಕಡಿಮೆ 50 ಕೋಟಿ ಎಂದಿದ್ದರು.

ನಮ್ಮ ಮೇಜಿನ ಮೇಲೆ

ಕೋಷ್ಟಕಗಳನ್ನು ಹೊಸದಾಗಿ ಮಾಡುವ ಕಂಪ್ಯೂಟರ್ ನಮ್ಮಲ್ಲಿ ಇಲ್ಲ. ಆದರೆ ಜಗತ್ತಿನ ಹಲವು ತಂಡಗಳು ತಮ್ಮ ಮಾದರಿಗಳನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿವೆ. ಡಾರ್ಟ್‌ಮತ್ ಸಂಗ್ರಹದಲ್ಲಿ ಕಬ್ಬಿಣದ ಪ್ರಮಾಣವನ್ನೂ, ಕಬ್ಬಿಣಕ್ಕೆ ಹೋಲಿಸಿ ಆಮ್ಲಜನಕದ ಗುಂಪಿನ (ಆಮ್ಲಜನಕ ಮತ್ತು ಅದರಂತೆಯೇ ಭಾರೀ ನಕ್ಷತ್ರಗಳು ಚೆಲ್ಲಿದ ಧಾತುಗಳ) ಪ್ರಮಾಣವನ್ನೂ ಬೇರೆ ಬೇರೆಯಾಗಿ ಕೊಡಬಹುದು. ಒಂದೇ ವಯಸ್ಸಿನ, ಬೇರೆ ಬೇರೆ ತೂಕದ ನಕ್ಷತ್ರಗಳು ಎಲ್ಲೆಲ್ಲಿ ನಿಲ್ಲುತ್ತವೆ ಎಂಬ ಗೆರೆಯನ್ನು ಅದು ಕೊಡುತ್ತದೆ. ಐಸೋಕ್ರೋನ್ ಎನ್ನುವುದು ಅದನ್ನೇ. ಇದಕ್ಕೆ ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ಸಾಕು. ಕಲಬುರಗಿ, ಬೀದರ್, ಯಾದಗಿರಿಯ ಯಾವ ಕಾಲೇಜಿನ ಮಕ್ಕಳೂ ಇದನ್ನು ಮಾಡಬಹುದು ಎಂಬುದನ್ನು ನಾನು ಜೋರಾಗಿ ಹೇಳಬೇಕೆಂದಿದ್ದೇನೆ. ದೊಡ್ಡ ದೂರದರ್ಶಕ ಇಲ್ಲ ಎಂದು ಕೈಕಟ್ಟಿ ಕೂರುವುದು ಬೇಡ.

ಹುಡುಗಿ ಸೂರ್ಯನ ಅನುಪಾತದ ಗೆರೆಗಳನ್ನು ತೆಗೆದಳು. ಹುಡುಗ ಕಬ್ಬಿಣವನ್ನು ಅಷ್ಟೇ ಇಟ್ಟು, ಆಮ್ಲಜನಕದ ಗುಂಪನ್ನು ಹೆಚ್ಚಿಸಿದ ಗೆರೆಗಳನ್ನು ತೆಗೆದ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ, ಗಾಯಾ ದೂರದಿಂದ ಬಂದ ಪ್ರಕಾಶದಲ್ಲಿ ನಕ್ಷತ್ರವನ್ನು ಒಂದು ಚುಕ್ಕೆಯಾಗಿ ಇಟ್ಟೆವು. ಅದೇ ವಯಸ್ಸಿನ ಗೆರೆ ಆಮ್ಲಜನಕ ಹೆಚ್ಚಿದಾಗ ಕೆಳಗೆ, ಅಂದರೆ ಮಂಕಿನ ಕಡೆಗೆ ಸರಿಯಿತು, ತಣ್ಣಗಿನ ಕಡೆಗೂ ಸರಿಯಿತು. ಚುಕ್ಕೆ ಇದ್ದಲ್ಲೇ ಇದೆ. ಈಗ ಅದನ್ನು ಮುಟ್ಟುವುದು ಕಡಿಮೆ ವಯಸ್ಸಿನ ಗೆರೆ. ಓದಿ ತಿಳಿದದ್ದನ್ನು ತಮ್ಮ ಕೈಯಾರೆ ಮಾಡಿ ನೋಡಿದಾಗ ಇಬ್ಬರ ಮುಖದಲ್ಲೂ ಬಂದ ಖುಷಿ ನನಗೆ ಆ ವರ್ಷದ ದೊಡ್ಡ ಸಂಬಳ.

ಒಂದು ಪ್ರಶ್ನೆ ಸೆಮಿನಾರಿನಲ್ಲಿ ಬಂತು. ಮಾದರಿಗಳ ಗೊಡವೆಯೇ ಇಲ್ಲದೆ ವಯಸ್ಸು ಹೇಳಲಾಗದೇ? ಕೆಲವು ನಕ್ಷತ್ರಗಳಲ್ಲಿ ಹತ್ತಿರ ಹತ್ತಿರ ಸಾಧ್ಯ, ಅಲ್ಲಿ ಮಿಶ್ರಣವೇ ಗಡಿಯಾರವಾಗುತ್ತದೆ. ಸಿಎಸ್ 31082-001 ಎಂಬ ನಕ್ಷತ್ರದಲ್ಲಿ ಯುರೇನಿಯಂನ ಗೆರೆ ಸಿಕ್ಕಿತು, 2001ರಲ್ಲಿ ಪ್ರಕಟವಾಯಿತು. ಯುರೇನಿಯಂ-238ರ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕರಗಲು ಬೇಕಾದ ಕಾಲ) 447 ಕೋಟಿ ವರ್ಷ, ಥೋರಿಯಂನದ್ದು ಸುಮಾರು 1,400 ಕೋಟಿ. ಎರಡರ ಅನುಪಾತದಿಂದ ವಯಸ್ಸು 1,250 ಕೋಟಿ, ಹೆಚ್ಚುಕಡಿಮೆ 300 ಕೋಟಿ ಎಂದು ಬಂತು. ಅಲ್ಲಿಯೂ ಶುರುವಿನಲ್ಲಿ ಎರಡೂ ಯಾವ ಅನುಪಾತದಲ್ಲಿದ್ದವು ಎಂಬುದನ್ನು ಸಿದ್ಧಾಂತದಿಂದಲೇ ತರಬೇಕು. ಅನುಮಾನದ ಅಗಲ 300 ಕೋಟಿ ಇರುವುದರಲ್ಲಿ ಅದರ ಪಾಲೂ ಇದೆ.

ಕೊನೆಗೆ ವರದಿಯಲ್ಲಿ ಯಾವ ಸಂಖ್ಯೆ ಬರೆಯುವುದು? ಇಬ್ಬರೂ ಸ್ವಲ್ಪ ವಾದ ಮಾಡಿದರು. ಒಪ್ಪಿಕೊಂಡ ರೀತಿ ಹೀಗಿದೆ. ವಯಸ್ಸು 1,230 ಕೋಟಿ ವರ್ಷ, ಈ ನಕ್ಷತ್ರದ್ದೇ ಆದ ಮಿಶ್ರಣದಲ್ಲಿ, ಗಾಯಾ ದೂರದಲ್ಲಿ. ಅದರ ಕೆಳಗೆ ಇನ್ನೆರಡು ಸಾಲು: ಸೂರ್ಯನ ಅನುಪಾತ ಹಾಕಿದರೆ 1,400, ಅನಿಲದ ಚಲನೆಯ ಸಂಖ್ಯೆ ತಗ್ಗಿಸಿದರೆ 1,230ಕ್ಕಿಂತ ಕಡಿಮೆ. ಬರಿಯ 1,230 ಎಂದು ಬರೆದ ಮೊದಲ ಕರಡನ್ನು ಹುಡುಗಿಯೇ ಹೊಡೆದುಹಾಕಿ, ಮಿಶ್ರಣದ ಹೆಸರಿಲ್ಲದ ವಯಸ್ಸು ಬೇಡ ಎಂದಳು.

ಮುಂದಿನ ಬ್ಯಾಚಿಗೆ ಸಿಂಹ ರಾಶಿಯ ಎಚ್‌ಡಿ 84937 ಕೊಟ್ಟಿದ್ದೇನೆ. ಅದೂ ಲೋಹ ಕಡಿಮೆ ಇರುವ ಹಳೆಯ ನಕ್ಷತ್ರ, 8.3 ಪ್ರಕಾಶಮಾನದ್ದು. 2014ರಲ್ಲಿ ಡಾನ್ ವ್ಯಾಂಡನ್‌ಬರ್ಗ್ ಮತ್ತು ಸಂಗಡಿಗರು ಅದಕ್ಕೆ ಸುಮಾರು 1,210 ಕೋಟಿ ವರ್ಷ ಕೊಟ್ಟಿದ್ದರು, ಅದೂ ಗಾಯಾ ಅಳತೆ ಬರುವ ಮುಂಚೆ. ಹೊಸ ದೂರ ಹಾಕಿ, ಆಮ್ಲಜನಕವನ್ನು ಎರಡು ಪ್ರಮಾಣದಲ್ಲಿ ಇಟ್ಟು, ಆ ಸಂಖ್ಯೆ ಎತ್ತ ಸರಿಯುತ್ತದೆ ಎಂದು ಅವರು ನೋಡಬೇಕು.